ಅರಸೀಕೆರೆ ಹಾದಿಯಲ್ಲಿ ಕೆಮ್ಮುವ ಬೈಕು

ಅರಸೀಕೆರೆ ಎಂದೊಡನೆ ಬಹುತೇಕರಿಗೆ ನೆನಪಾಗುವುದು ಹಾಸನ ಜಿಲ್ಲೆಯ ರೈಲು ಜಂಕ್ಷನ್ನು, ಅದರ ಸುತ್ತಲಿನ ತೆಂಗಿನ ತೋಟಗಳು. ಆದರೆ ನಾಡಿನಲ್ಲಿ ಇನ್ನೊಂದು ಅರಸೀಕೆರೆಯೂ ಇದೆ. ಅದು ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಇಲ್ಲಿ ಕಣ್ಣು ಹಾಯಿಸಿದತ್ತ ಕಾಣುವುದು ತೆಂಗಲ್ಲ, ಮೆಕ್ಕೆಜೋಳ. ಊರಿಗೆ ಕೋಲಶಾಂತೇಶ್ವರ ಮಠದ ಹೆಸರಿದೆ. ಇದೇ ಹೋಬಳಿಯ ಉಚ್ಚಂಗಿದುರ್ಗದಲ್ಲಿ ಉಚ್ಚಂಗಿ ಪಾಂಡ್ಯರು ಆಳಿದ, ಹೊಯ್ಸಳ ಇಮ್ಮಡಿ ವೀರಬಲ್ಲಾಳ ಗೆದ್ದ ಕೋಟೆ ಬೆಟ್ಟದ ಮೇಲೆ ನಿಂತಿದೆ. ಭರತ ಹುಣ್ಣಿಮೆ ಬಂತೆಂದರೆ ಉಚ್ಚಂಗೆಮ್ಮನ ದರ್ಶನಕ್ಕೆ ಸುತ್ತಲಿನ ಜಿಲ್ಲೆಗಳ ಜನ ಬಂಡಿ, ಟ್ರ್ಯಾಕ್ಟರು, ಬಸ್ಸು, ಬೈಕು ಎನ್ನದೆ ಹರಿದು ಬರುತ್ತಾರೆ.

ಈ ಸೀಮೆಯ ಚರಿತ್ರೆಯನ್ನು ಓದಲು ಪುಸ್ತಕವೇ ಬೇಕೆಂದಿಲ್ಲ, ರಸ್ತೆಬದಿ ನಿಂತ ಬೈಕುಗಳ ನಂಬರ್ ಪ್ಲೇಟು ಸಾಕು. ಮದರಾಸು ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಯ ಈ ಭಾಗ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ತಾಲ್ಲೂಕು ಅಲ್ಲಿಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಗಳ ಜೊತೆ ಹೊಸ ಜಿಲ್ಲೆಯ ಪಾಲಾಯಿತು. ಹೀಗಾಗಿ ಒಂದೇ ಚಹಾ ಅಂಗಡಿಯ ಮುಂದೆ ಬಳ್ಳಾರಿಯ ಕೆಎ-34, ದಾವಣಗೆರೆಯ ಕೆಎ-17, ಹೊಸಪೇಟೆಯ ಕೆಎ-35 ಮೂರೂ ಅಕ್ಕಪಕ್ಕ ನಿಂತಿರುವುದುಂಟು. ಜಿಲ್ಲೆ ಬದಲಾದರೂ ಗಾಡಿ ಬದಲಾಗಿಲ್ಲ. ಅಪ್ಪ ಕೊಂಡ ಬೈಕನ್ನು ಮಗ ಓಡಿಸುತ್ತಿರುವ ಮನೆಗಳು ಇಲ್ಲಿ ಬೇಕಾದಷ್ಟಿವೆ.

ಇಂಥ ಬೈಕುಗಳಿಗೆ ಬರುವ ಕಾಯಿಲೆಗಳಲ್ಲಿ ಒಂದು ಬಲು ತರಲೆಯದು. ಅದೇ ‘ಮಿಸ್ಸಿಂಗ್’. ಚೆನ್ನಾಗಿ ಓಡುತ್ತಿದ್ದ ಎಂಜಿನ್ನು ನಡುವೆ ಕೆಮ್ಮುತ್ತದೆ, ಮುಗ್ಗರಿಸುತ್ತದೆ, ಮತ್ತೆ ಏನೂ ಆಗದಂತೆ ಓಡುತ್ತದೆ. ಪೂರ್ತಿ ಕೆಟ್ಟು ನಿಂತ ಗಾಡಿಯನ್ನು ರಿಪೇರಿ ಮಾಡುವುದು ಸುಲಭ. ಒಮ್ಮೆ ಕೆಟ್ಟು ಒಮ್ಮೆ ಸರಿಯಿರುವ ಗಾಡಿಯ ರಿಪೇರಿ ಮಾತ್ರ ಹೆಸರಾಂತ ಮೆಕ್ಯಾನಿಕ್ಕನ್ನೂ ಸತಾಯಿಸುತ್ತದೆ.

ಸೆಕೆಂಡಿಗೆ ಮೂವತ್ತಮೂರು ಸಿಡಿತ

ಪೆಟ್ರೋಲ್ ಎಂಜಿನ್ನಿನ ಬೇಡಿಕೆಗಳು ಹೆಚ್ಚಿಲ್ಲ. ಹದವಾಗಿ ಬೆರೆತ ಪೆಟ್ರೋಲು ಮತ್ತು ಗಾಳಿ, ಅದನ್ನು ಬಿಗಿಯಾಗಿ ಒತ್ತುವ ಪಿಸ್ಟನ್ನು, ಸರಿಯಾದ ಗಳಿಗೆಯಲ್ಲಿ ಒಂದು ಕಿಡಿ, ಇಷ್ಟೇ. ಆದರೆ ಈ ಕೆಲಸ ನಡೆಯುವ ವೇಗ ಬೆರಗು ಹುಟ್ಟಿಸುವಂಥದ್ದು. ಒಂದು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ನು ನಿಮಿಷಕ್ಕೆ 4000 ಸುತ್ತು ತಿರುಗುತ್ತಿದೆ ಎಂದರೆ ಅದರೊಳಗೆ 2000 ಸಲ, ಅಂದರೆ ಸೆಕೆಂಡಿಗೆ ಸುಮಾರು 33 ಸಲ ಸಿಡಿತವಾಗಬೇಕು. ಟೂ ಸ್ಟ್ರೋಕ್ ಎಂಜಿನ್ನಾದರೆ ಅದರ ಇಮ್ಮಡಿ. ನೂರರಲ್ಲಿ ಒಂದೇ ಒಂದು ಸಿಡಿತ ತಪ್ಪಿದರೂ ಮೂರು ಸೆಕೆಂಡಿಗೊಮ್ಮೆ ಸವಾರನಿಗೆ ಜಗ್ಗಿದಂತಾಗುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಅಂಕ ಪಡೆದ ಹುಡುಗ ಶಾಲೆಗೇ ಮೊದಲಿಗನಾಗಬಹುದು, ಅಷ್ಟೇ ಅಂಕ ಪಡೆದ ಎಂಜಿನ್ನು ಗ್ಯಾರೇಜಿಗೆ ಹೋಗಬೇಕಾಗುತ್ತದೆ!

ಈ ವಿದ್ಯೆಗೂ ಕನ್ನಡ ನಾಡಿಗೂ ಹಳೆಯ ನಂಟಿದೆ. ಮೈಸೂರಿನಲ್ಲಿ 1960ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನೂ, ಮುಂದೆ ಯೆಜ್ಡಿ ಬೈಕುಗಳನ್ನೂ ತಯಾರಿಸಿತು. 1996ರಲ್ಲಿ ಅದು ಬಾಗಿಲು ಹಾಕಿದರೂ ಆ 250 ಸಿ.ಸಿ. ಟೂ ಸ್ಟ್ರೋಕ್ ಗಾಡಿಗಳ ‘ಡುಗು ಡುಗು’ ಸದ್ದು ಇನ್ನೂ ಪೂರ್ತಿ ಅಡಗಿಲ್ಲ. 1951ರಲ್ಲಿ ಹುಟ್ಟಿದ, ಬೆಂಗಳೂರಿನ ಮೈಕೋ ಕಂಪನಿಯ ಸ್ಪಾರ್ಕ್ ಪ್ಲಗ್ಗುಗಳು ಹಳ್ಳಿಯ ಗ್ಯಾರೇಜಿನವರೆಗೂ ತಲುಪಿದವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ಹಳಬರ ಬಾಯಲ್ಲಿ ಮಾತ್ರ ಅದು ಇಂದಿಗೂ ಮೈಕೋ ಪ್ಲಗ್ಗೇ.

ಒಂದು ಮನೆಯ ಕಥೆ

ಅರಸೀಕೆರೆ ಹತ್ತಿರದ ಹಳ್ಳಿಯೊಂದರ ಮನೆಯನ್ನು ಕಲ್ಪಿಸಿಕೊಳ್ಳೋಣ. ಅಪ್ಪನಿಗೆ ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ಒಂದಿಷ್ಟು ಹೊಲ. ಮನೆಯಲ್ಲೊಂದು ಹಳೆಯ ನೂರು ಸಿ.ಸಿ. ಬೈಕು, ಕಾರ್ಬೊರೇಟರ್ ಇರುವಂಥದ್ದು. ಬೆಳಗಿನ ಹೊತ್ತು ಹೊಲಕ್ಕೆ ಹೋಗಿಬರಲು ಅಪ್ಪನಿಗೆ ಅದೇ ಬೇಕು. ಆಮೇಲೆ ಹರಪನಹಳ್ಳಿಯ ಕಾಲೇಜಿಗೆ ಹೋಗುವ ಮಗನಿಗೆ. ಮಗ ಹದಿನೆಂಟು ದಾಟಿದವನು, ಲೈಸೆನ್ಸ್ ಪಡೆದವನು.

ಮುಂಗಾರು ಶುರುವಾದ ಮೇಲೆ ಗಾಡಿಗೆ ಮಿಸ್ಸಿಂಗ್ ಹಿಡಿಯಿತು. ಹರಪನಹಳ್ಳಿಯ ದಾರಿಯಲ್ಲಿ ಸ್ವಲ್ಪ ದೂರ ಓಡಿದ ಮೇಲೆ ಎಂಜಿನ್ನು ಸೊರಗುತ್ತದೆ, ಎಕ್ಸಿಲೇಟರ್ ಕೊಟ್ಟರೂ ಎಳೆಯುವುದಿಲ್ಲ. ನಿಧಾನ ಮಾಡಿದರೆ ಚೇತರಿಸಿಕೊಳ್ಳುತ್ತದೆ. ಕೆಲವು ದಿನ ಹೋಗುವಾಗ, ಕೆಲವು ದಿನ ಬರುವಾಗ, ಕೆಲವು ದಿನ ಇಲ್ಲವೇ ಇಲ್ಲ. ಒಮ್ಮೆಯಂತೂ ಲಾರಿಯೊಂದನ್ನು ಹಿಂದೆ ಹಾಕುವ ಹೊತ್ತಿಗೇ ಗಾಡಿ ಕೈಕೊಟ್ಟಿತು. ಎದುರಿನಿಂದ ಬಸ್ಸು ಬರುತ್ತಿತ್ತು. ಹುಡುಗ ಹೇಗೋ ಹಿಂದಕ್ಕೆ ಸರಿದು ಜೀವ ಉಳಿಸಿಕೊಂಡ.

ಮೆಕ್ಯಾನಿಕ್ಕು ಗಾಡಿ ಹತ್ತಿ ಬಸ್ ನಿಲ್ದಾಣದ ಸುತ್ತ ಒಂದು ಸುತ್ತು ಹಾಕಿಬಂದ. ಏನೂ ಇಲ್ಲ! ಆದರೂ ಇರಲಿ ಎಂದು ಪ್ಲಗ್ ಬದಲಾಯಿಸಿದ. ಎರಡು ದಿನ ಸರಿಯಿತ್ತು, ಮತ್ತೆ ಬಂತು. ಈ ಸಲ ಕಾಯಿಲ್ ಹೊಸದು ಬಿತ್ತು. ಮೂರು ದಿನ ಸರಿಯಿತ್ತು, ಮತ್ತೆ ಬಂತು. ಆಮೇಲೆ ಕಾರ್ಬೊರೇಟರ್ ಬಿಚ್ಚಿ ತೊಳೆದದ್ದಾಯಿತು. ಈರುಳ್ಳಿ ಮಾರಿದ ದುಡ್ಡು ಹೀಗೆ ಸ್ವಲ್ಪಸ್ವಲ್ಪವೇ ಗ್ಯಾರೇಜಿನ ದಾರಿ ಹಿಡಿಯಿತು.

ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದು. ಅಪ್ಪ ದಿನವೂ ಹೊಲಕ್ಕೆ ಅದೇ ಗಾಡಿಯಲ್ಲಿ ಹೋಗುತ್ತಾನೆ, ಅವನ ಕೈಯಲ್ಲಿ ಒಮ್ಮೆಯೂ ಕೆಮ್ಮಿಲ್ಲ. ಅಂದಮೇಲೆ ತಪ್ಪು ಗಾಡಿಯದಲ್ಲ, ಮಗನದು! ‘ಬಿರುಸಾಗಿ ಓಡಿಸ್ತಾನೆ, ಹೊಸ ಗಾಡಿ ಬೇಕಾಗೈತಿ ಇವನಿಗೆ’ ಎಂಬ ಮಾತು ಊಟದ ಹೊತ್ತಿಗೆ ಬಂದೇ ಬರುತ್ತದೆ. ಮಗನಿಗೆ ಇದಕ್ಕಿಂತ ನೋವಿನ ಮಾತಿಲ್ಲ. ಕಂಡದ್ದನ್ನು ತೋರಿಸಲಾಗದವನ ಪಾಡು ಅದು. ಆಗಾಗ ಬಂದು ಮಾಯವಾಗುವ ದೋಷದ ಕೆಟ್ಟ ಗುಣ ಇದೇ. ಅದು ಯಂತ್ರದಿಂದ ಇಳಿದು ಮನುಷ್ಯರ ಮೇಲೆ ಕೂರುತ್ತದೆ.

ಸದ್ದಲೇ!

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆ ಈ ಭಾಗದವರಿಗೆ ಹೊಸದಲ್ಲ. ಡೆಂಕನಮರಡಿಯಲ್ಲಿ ಲಕ್ಷಾಂತರ ಜನರ ನಡುವೆ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಅಷ್ಟು ಜನಸ್ತೋಮವೂ ಒಂದು ಕ್ಷಣ ಉಸಿರು ಬಿಗಿಹಿಡಿಯುತ್ತದೆ. ಆಗ ಬರುವುದು ಒಂದೇ ಸಾಲಿನ ಕಾರ್ಣಿಕ. ಅದರ ಅರ್ಥ ಮಳೆಯ ಬಗೆಗೋ, ಬೆಳೆಯ ಬಗೆಗೋ, ರಾಜಕೀಯದ ಬಗೆಗೋ ಎಂದು ಜನ ವರ್ಷವಿಡೀ ಚರ್ಚಿಸುತ್ತಾರೆ.

ಕೆಮ್ಮುವ ಎಂಜಿನ್ನು ಹೇಳುವುದೂ ಒಂದು ಸಾಲು ಮಾತ್ರ. ಆದರೆ ಇಲ್ಲಿ ಅರ್ಥ ಹಚ್ಚುವ ಮುನ್ನ ಸುಮ್ಮನಿದ್ದು ಕೇಳಿಸಿಕೊಳ್ಳಬೇಕು. ಬಲ್ಲ ಮೆಕ್ಯಾನಿಕ್ಕು ಸ್ಪ್ಯಾನರ್ ಎತ್ತುವ ಮುಂಚೆ ಬಾಯಿ ತೆರೆಯುತ್ತಾನೆ.

‘ಯಾವಾಗ ಹಿಡಿತೈತಿ ತಮ್ಮಾ?’

‘ಹೇಳಾಕ ಬರಂಗಿಲ್ಲಣ್ಣ. ಒಮ್ಮೊಮ್ಮೆ.’

‘ಒಮ್ಮೊಮ್ಮೆ ಅಂದ್ರ ಆಗಲಿಲ್ಲ. ಬೆಳಿಗ್ಗೆನೋ ಮಧ್ಯಾಹ್ನನೋ? ಬಿಸಿಯಾದ ಮ್ಯಾಲೋ, ತಣ್ಣಗಿದ್ದಾಗೋ? ಟಕ್ ಅಂತ ಕಡಿತೈತೋ, ಮೆಲ್ಲಗ ಸೊರಗತೈತೋ?’

ಕೊನೆಯ ಪ್ರಶ್ನೆಯಲ್ಲಿ ಅರ್ಧ ವಿದ್ಯೆಯಿದೆ. ವಿದ್ಯುತ್ತಿನ ದೋಷವಾದರೆ ಸಾಮಾನ್ಯವಾಗಿ ಸ್ವಿಚ್ ಆರಿಸಿದಂತೆ ಟಕ್ಕನೆ ಕಡಿದು ಟಕ್ಕನೆ ಹತ್ತಿಕೊಳ್ಳುತ್ತದೆ. ಒಮ್ಮೊಮ್ಮೆ ಸುಡದೆ ಉಳಿದ ಪೆಟ್ರೋಲು ಸೈಲೆನ್ಸರಿನೊಳಗೆ ‘ಢಂ’ ಎನ್ನುವುದೂ ಉಂಟು. ಪೆಟ್ರೋಲಿನ ಕೊರತೆಯಾದರೆ ರಿಸರ್ವಿಗೆ ಬಂದ ಗಾಡಿಯಂತೆ ಮೆಲ್ಲನೆ ಬಲಗುಂದುತ್ತದೆ. ಅದೂ ವೇಗದಲ್ಲಿ, ಏರಿನಲ್ಲಿ, ಎಂಜಿನ್ನು ಹೆಚ್ಚು ಪೆಟ್ರೋಲು ಕೇಳುವಾಗ.

ದಾರಿಯೇ ಪ್ರಯೋಗಶಾಲೆ

ಗ್ಯಾರೇಜಿನ ನೆರಳಿನಲ್ಲಿ ಕಾಣದ ದೋಷ ದಾರಿಯಲ್ಲಿ ಕಾಣುವುದೇಕೆ? ಗ್ಯಾರೇಜಿನಲ್ಲಿ ಬಿಸಿಲಿಲ್ಲ, ದೂಳಿಲ್ಲ, ಕುಲುಕಾಟವಿಲ್ಲ, ದೂರವಿಲ್ಲ. ಅರಸೀಕೆರೆ ಸುತ್ತಿನ ದಾರಿಗಳಲ್ಲಿ ಈ ನಾಲ್ಕಕ್ಕೂ ಕೊರತೆಯಿಲ್ಲ. ಗಮನವಿಟ್ಟು ಓಡಿಸಿದರೆ ಪ್ರತಿಯೊಂದೂ ಒಂದೊಂದು ಪರೀಕ್ಷೆ.

ಮಳೆ ಬಂದ ಬೆಳಿಗ್ಗೆ, ಇಲ್ಲವೇ ಗಾಡಿ ತೊಳೆದ ದಿನ ಮಾತ್ರ ಮಿಸ್ಸಿಂಗ್ ಇದ್ದು ಒಣಗಿದ ಮೇಲೆ ಹೋದರೆ ಅನುಮಾನ ಪ್ಲಗ್ ಕ್ಯಾಪು, ಕಾಯಿಲ್ಲಿನಿಂದ ಬರುವ ದಪ್ಪ ವೈರಿನ ಮೇಲೆ. ಆ ವೈರಿನಲ್ಲಿ ಹತ್ತಾರು ಸಾವಿರ ವೋಲ್ಟ್ ಹರಿಯುತ್ತದೆ. ರಬ್ಬರು ಬಿರಿದಲ್ಲಿ ತೇವವಿದ್ದರೆ ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ಅಡ್ಡದಾರಿ ಹಿಡಿದು ಎಂಜಿನ್ನಿನ ಲೋಹಕ್ಕೆ ಹಾರುತ್ತದೆ. ಕತ್ತಲಲ್ಲಿ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ ದೂರದಿಂದ ನೋಡಿದರೆ ನೀಲಿ ಕಿಡಿ ಕಣ್ಣಿಗೇ ಕಾಣಬಹುದು. ಕೈ ಮಾತ್ರ ಹಚ್ಚಬಾರದು!

ಬೇಸಿಗೆಯ ನಡುಹಗಲಿನಲ್ಲಿ ಬಿಸಿಯೇರಿದ ಮೇಲೆ ಕೆಮ್ಮಿ, ಬೇವಿನ ಮರದಡಿ ಅರ್ಧ ಗಂಟೆ ನಿಲ್ಲಿಸಿದರೆ ಸರಿಹೋಗುವ ಗಾಡಿಯದು ಇನ್ನೊಂದು ಕಥೆ. ಕಾಯಿಲ್ಲಿನೊಳಗೆ ಕೂದಲೆಳೆಯಷ್ಟು ತಂತಿ ಬಿಟ್ಟಿದ್ದರೆ, ತಣ್ಣಗಿದ್ದಾಗ ತುದಿಗಳು ತಾಗಿರುತ್ತವೆ, ಕಾದಾಗ ಹಿಗ್ಗಿ ದೂರವಾಗುತ್ತವೆ. ಹೀಗಾಗಿ ಮಲ್ಟಿಮೀಟರ್ ಹಿಡಿದು ಅಳೆಯುವುದಾದರೆ ತಣ್ಣಗಿದ್ದಾಗ ಒಮ್ಮೆ, ದೋಷ ಬಂದ ಕ್ಷಣದಲ್ಲಿ ಒಮ್ಮೆ ಅಳೆಯಬೇಕು. ತಾಮ್ರದ ತಂತಿ ಒಂದು ಡಿಗ್ರಿ ಕಾದರೆ ಅದರ ವಿದ್ಯುತ್ ರೋಧ ಶೇಕಡ 0.4ರಷ್ಟು ಏರುತ್ತದೆ. ಐವತ್ತು ಡಿಗ್ರಿ ಕಾದರೆ ಶೇಕಡ 20ರಷ್ಟು ಏರುವುದು ಸಹಜ. ಮುಳ್ಳು ಒಮ್ಮೆಗೇ ಅನಂತಕ್ಕೆ ಹಾರಿದರೆ ಮಾತ್ರ ತಂತಿ ಬಿಟ್ಟಿದೆ ಎಂದರ್ಥ. ಪಾಯಿಂಟ್ ಇರುವ ಹಳೆಯ ಯೆಜ್ಡಿಯಂಥ ಗಾಡಿಗಳಲ್ಲಿ ಕಂಡೆನ್ಸರ್ ಕೂಡ ಹೀಗೆಯೇ ಬಿಸಿಗೆ ಸೋಲುತ್ತದೆ. ಪಾಯಿಂಟಿನ ಮೇಲೆ ಸುಟ್ಟ ಕಲೆ ಇದ್ದರೆ ಅದು ಕಂಡೆನ್ಸರಿನ ದೂರು. ಫೋರ್ ಸ್ಟ್ರೋಕ್ ಗಾಡಿಯಲ್ಲಿ ವಾಲ್ವಿನ ಸಂದು ತೀರ ಬಿಗಿಯಾಗಿದ್ದರೂ ಕಾದಾಗ ಒತ್ತಡ ಸೋರಿ ಬಲ ಕುಗ್ಗುತ್ತದೆ.

ರಸ್ತೆಯ ಹಂಪು, ಗುಂಡಿ ದಾಟುವಾಗಲಷ್ಟೇ ಕಡಿಯುವ ಗಾಡಿಯಲ್ಲಿ ವೈರಿಂಗ್ ನೋಡಬೇಕು. ಗಾಡಿಯನ್ನು ನಿಲ್ಲಿಸಿಕೊಂಡೇ ಎಂಜಿನ್ನು ಓಡುತ್ತಿರುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದರೆ, ಕೀಲಿಯನ್ನು ಮೆಲ್ಲಗೆ ಅಲುಗಿಸಿದರೆ ಕಳ್ಳ ಸಿಕ್ಕಿಬೀಳಬಹುದು. ಹ್ಯಾಂಡಲಿನ ಕೊರಳಲ್ಲಿ ಸಾವಿರಾರು ಸಲ ಬಾಗಿದ ವೈರು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಎಳೆ ಬಿಟ್ಟಿರುತ್ತದೆ.

ಇನ್ನು ದೂಳು. ಸುಗ್ಗಿಯಲ್ಲಿ ಮೆಕ್ಕೆಜೋಳವನ್ನು ರಸ್ತೆಯ ಮೇಲೆಯೇ ಹರವಿ ಒಣಗಿಸುವುದು ಈ ಭಾಗದಲ್ಲಿ ಸಾಮಾನ್ಯ ನೋಟ. ಕಾಳು ಬಿಡಿಸುವ ಯಂತ್ರದ ಪಕ್ಕದಲ್ಲಿ ಹಾದುಹೋಗುವ ಗಾಡಿಯ ಏರ್ ಫಿಲ್ಟರಿಗೆ ಹೊಟ್ಟು, ದೂಳು ಮೆತ್ತುತ್ತದೆ. ಗಾಳಿ ಕಡಿಮೆಯಾಗಿ ಪೆಟ್ರೋಲು ಹೆಚ್ಚಾದರೆ ಪ್ಲಗ್ಗಿನ ಮೂತಿ ಮಸಿಗಟ್ಟುತ್ತದೆ. ಪ್ಲಗ್ ಬಿಚ್ಚಿ ನೋಡಿದರೆ ಬಣ್ಣವೇ ಮಾತಾಡುತ್ತದೆ. ತಿಳಿ ಕಂದು ಆರೋಗ್ಯ, ಒಣ ಮಸಿ ಪೆಟ್ರೋಲು ಅತಿಯಾದ ಗುರುತು, ಸುಣ್ಣದಂಥ ಬಿಳುಪು ಪೆಟ್ರೋಲು ಸಾಲದ ಗುರುತು, ಎಣ್ಣೆಯ ಜಿಡ್ಡು ಎಂಜಿನ್ನಿನ ಸವೆತದ ಗುರುತು. ಹಳೆಯ ಪ್ಲಗ್ ಎಸೆಯುವ ಮುನ್ನ ಈ ಬಣ್ಣ ಓದಿಕೊಳ್ಳದಿದ್ದರೆ ರೋಗಿಯ ನಾಡಿ ನೋಡದೆ ಔಷಧ ಕೊಟ್ಟಂತೆ.

ಎರಡು ರೂಪಾಯಿಯ ನೋಟ್‌ಬುಕ್ಕು

ನಮ್ಮ ಕಥೆಯ ಹುಡುಗನಿಗೆ ಮೆಕ್ಯಾನಿಕ್ಕು ಹೇಳಿದ್ದು ಒಂದೇ ಮಾತು. ‘ಇನ್ನ ಹತ್ತು ದಿನ ಏನೂ ಬದಲಿ ಮಾಡಬ್ಯಾಡ. ಬರೆದಿಡು.’ ಹಳೆಯ ಲೆಕ್ಕದ ನೋಟ್‌ಬುಕ್ಕಿನ ಉಳಿದ ಹಾಳೆಗಳೇ ಸಾಕಾದವು. ತಾರೀಖು, ಹೊರಟಾಗ ಟ್ಯಾಂಕಿನಲ್ಲಿದ್ದ ಪೆಟ್ರೋಲು, ಎಷ್ಟು ಕಿಲೋಮೀಟರಿಗೆ ಕೆಮ್ಮಿತು, ಆಗಿನ ವೇಗ, ಮಳೆಯೋ ಬಿಸಿಲೋ, ಏನು ಮಾಡಿದಾಗ ಸರಿಯಾಯಿತು. ಕೆಮ್ಮದ ದಿನವನ್ನೂ ಬರೆಯಬೇಕು, ಅದೂ ಅಷ್ಟೇ ಮುಖ್ಯ. ಅಪ್ಪನ ಹೊಲದ ಓಡಾಟವೂ ಅದರಲ್ಲಿ ಸೇರಿತು.

ಹತ್ತು ದಿನದಲ್ಲಿ ಹಾಳೆಯ ಮೇಲೆ ಒಂದು ಚಿತ್ರ ಮೂಡಿತು. ಬಿಸಿಲಿಗೂ ಮಳೆಗೂ ಕೆಮ್ಮಿಗೂ ಸಂಬಂಧವಿಲ್ಲ. ಹೊಲದಂಥ ಹತ್ತಿರದ ಓಡಾಟದಲ್ಲಿ ಒಮ್ಮೆಯೂ ಇಲ್ಲ. ಟ್ಯಾಂಕು ತುಂಬಿಸಿದ ದಿನ ಬೇಗ ಕೆಮ್ಮುತ್ತದೆ, ಅರ್ಧಕ್ಕಿಂತ ಕಡಿಮೆ ಇದ್ದ ದಿನ ತಡವಾಗಿ ಕೆಮ್ಮುತ್ತದೆ ಅಥವಾ ಇಲ್ಲ. ದಾರಿಯಲ್ಲಿ ನಿಲ್ಲಿಸಿ ಪೆಟ್ರೋಲ್ ಎಷ್ಟಿದೆ ಎಂದು ಮುಚ್ಚಳ ತೆರೆದು ನೋಡಿದ ಎರಡು ಸಲವೂ ಆಮೇಲೆ ಗಾಡಿ ಸಲೀಸಾಗಿ ಓಡಿತ್ತು.

ಹಾಳೆ ನೋಡಿದ ಮೆಕ್ಯಾನಿಕ್ಕು ಎಂಜಿನ್ನಿನ ಹತ್ತಿರ ಹೋಗಲೇ ಇಲ್ಲ, ಟ್ಯಾಂಕಿನ ಮುಚ್ಚಳ ತೆರೆದ. ಮುಚ್ಚಳದಡಿ ಮಡಚಿಟ್ಟ ಒಂದು ಪ್ಲಾಸ್ಟಿಕ್ ಹಾಳೆ! ಮೃಗಶಿರ ಮಳೆ ಹಿಡಿದಾಗ ಟ್ಯಾಂಕಿಗೆ ನೀರು ಇಳಿಯದಿರಲೆಂದು ಅಪ್ಪನೇ ಇಟ್ಟದ್ದು. ಅನೇಕರು ಮಳೆಗಾಲದಲ್ಲಿ ಹೀಗೆ ಮಾಡುತ್ತಾರೆ.

ಮುಚ್ಚಳದಲ್ಲಿ ಒಂದು ಸಣ್ಣ ಗಾಳಿಕಿಂಡಿ ಇರುತ್ತದೆ. ಪೆಟ್ರೋಲು ಕೆಳಗಿಳಿದಷ್ಟೂ ಅದರ ಜಾಗಕ್ಕೆ ಗಾಳಿ ಒಳಬರಬೇಕು. ಕಿಂಡಿ ಮುಚ್ಚಿದರೆ ಟ್ಯಾಂಕಿನೊಳಗಿನ ಒತ್ತಡ ಇಳಿಯುತ್ತದೆ, ಪೆಟ್ರೋಲು ಇಳಿಯಲಾರದೆ ತಡೆಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಬೇಗ ಕೆಮ್ಮುವುದೇಕೆಂದು ಪಿ.ಯು.ಸಿ. ಓದಿದ ಹುಡುಗರು ಬಾಯ್ಲನ ನಿಯಮದಿಂದ ತಾವೇ ಹೇಳಬಲ್ಲರು. ಪೆಟ್ರೋಲಿನ ಮೇಲೆ ಒಂದು ಲೀಟರಿನಷ್ಟೇ ಗಾಳಿ ಇದ್ದಾಗ 100 ಮಿಲಿಲೀಟರ್ ಪೆಟ್ರೋಲು ಖರ್ಚಾದರೆ ಆ ಗಾಳಿ ಹತ್ತರಲ್ಲೊಂದು ಪಾಲು ಹಿಗ್ಗಬೇಕು. ಐದು ಲೀಟರ್ ಗಾಳಿ ಇದ್ದರೆ ಅದೇ ಖರ್ಚಿಗೆ ಐವತ್ತರಲ್ಲೊಂದು ಪಾಲು ಸಾಕು. ಪೆಟ್ರೋಲಿನ ಆವಿ, ಅಲ್ಲಲ್ಲಿ ನುಸುಳುವ ಗಾಳಿ ಸೇರಿ ಲೆಕ್ಕ ಸ್ವಲ್ಪ ಆಚೀಚೆಯಾದರೂ ದಿಕ್ಕು ಮಾತ್ರ ಇದೇ. ಇಂಥ ಬೈಕಿನಲ್ಲಿ ಪೆಟ್ರೋಲನ್ನು ತಳ್ಳುವ ಪಂಪಿಲ್ಲ, ಅದು ತನ್ನ ತೂಕದಿಂದಲೇ ಇಳಿಯಬೇಕು. ಆದ್ದರಿಂದ ಒತ್ತಡ ತುಸು ಇಳಿದರೂ ಸಾಕು, ಕಾರ್ಬೊರೇಟರಿನ ಬಾಯಿ ಒಣಗುತ್ತದೆ.

ಹಾಗಾದರೆ ಪ್ಲಗ್ಗು, ಕಾಯಿಲ್ಲು ಬದಲಿಸಿದಾಗ ಎರಡು ಮೂರು ದಿನ ಸರಿಯಿದ್ದದ್ದು ಹೇಗೆ? ಆ ದಿನಗಳಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆ ಇತ್ತು, ಅಷ್ಟೇ. ತಾನಾಗಿ ಹೋಗಿ ಬರುವ ದೋಷ ತಾನಾಗಿ ಹೋದಾಗ, ಆ ಹೊತ್ತಿಗೆ ಯಾರು ಏನು ಬದಲಿಸಿದ್ದರೋ ಅದಕ್ಕೇ ಹೆಸರು ಬರುತ್ತದೆ! ಜ್ವರ ಇಳಿಯುವ ದಿನ ಕಟ್ಟಿದ ತಾಯಿತಕ್ಕೆ ಕೀರ್ತಿ ಬಂದಂತೆ.

ಆದ್ದರಿಂದ ಕೊನೆಯ ಪರೀಕ್ಷೆಯೊಂದು ಉಳಿಯಿತು. ಪ್ಲಾಸ್ಟಿಕ್ ತೆಗೆದು, ಟ್ಯಾಂಕು ತುಂಬಿಸಿ, ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಓಡಿಸಿದ್ದಾಯಿತು. ಕೆಮ್ಮಲಿಲ್ಲ. ಮತ್ತೆ ಪ್ಲಾಸ್ಟಿಕ್ ಇಟ್ಟು, ವಾಹನ ಸಂಚಾರವಿಲ್ಲದ ಹೊತ್ತು ನೋಡಿ ಅಪ್ಪನೇ ಓಡಿಸಿದ. ಕೆಲವೇ ಕಿಲೋಮೀಟರಿಗೆ ಗಾಡಿ ಸೊರಗಿತು. ಬದಿಗೆ ನಿಲ್ಲಿಸಿ ಮುಚ್ಚಳ ತಿರುಗಿಸಿದಾಗ ‘ಸುಸ್ಸ್’ ಎಂದು ಗಾಳಿ ಒಳನುಗ್ಗಿದ ಸದ್ದು ಅವನ ಕಿವಿಗೇ ಬಿತ್ತು. ಮಗನ ಓಡಿಸುವ ರೀತಿಯ ಬಗ್ಗೆ ಆಮೇಲೆ ಆ ಮನೆಯಲ್ಲಿ ಯಾರೂ ಮಾತೆತ್ತಲಿಲ್ಲ. ಪ್ಲಾಸ್ಟಿಕ್ ಇಟ್ಟವನ ಮೇಲೂ ಮಾತು ಬರಲಿಲ್ಲ. ಗಾಡಿ ಹಾಳಾಗದಿರಲಿ ಎಂದೇ ಅವನು ಅದನ್ನು ಇಟ್ಟದ್ದು.

ದೋಷವನ್ನು ಬೇಕೆಂದಾಗ ಕರೆಯಲೂ ಬೇಡವೆಂದಾಗ ಕಳಿಸಲೂ ಬಂದರೆ ಮಾತ್ರ ಕಾರಣ ಸಿಕ್ಕಿತೆಂದು ನಂಬಬಹುದು. ಒಂದು ಸಲಕ್ಕೆ ಒಂದನ್ನಷ್ಟೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. ಪ್ರಯೋಗಶಾಲೆಯ ವಿಜ್ಞಾನಿ ಮಾಡುವುದೂ ಇದನ್ನೇ.

ಹೊಸ ಗಾಡಿ, ಹೊಸ ಪೆಟ್ರೋಲು

2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಜಾರಿಯಾದ ಮೇಲೆ ಬಂದ ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬೊರೇಟರಿನ ಜಾಗವನ್ನು ಫ್ಯೂಯೆಲ್ ಇಂಜೆಕ್ಷನ್ ಹಿಡಿದಿದೆ. ಮೀಟರಿನಲ್ಲಿ ಎಂಜಿನ್ನಿನ ದೀಪ ಹೊತ್ತಿದರೆ ಗಾಡಿ ತನ್ನ ನೋವನ್ನು ತಾನೇ ನೆನಪಿಟ್ಟುಕೊಂಡಿದೆ ಎಂದರ್ಥ. ಅದನ್ನು ಓದುವ ಉಪಕರಣ ಮೆಕ್ಯಾನಿಕ್ಕಿನ ಬಳಿ ಇರಬೇಕು. ಆದರೂ ದೀಪ ಹೊತ್ತದೆ ಕೆಮ್ಮುವ ಗಾಡಿಗಳಿವೆ, ಅಲ್ಲಿ ಮತ್ತೆ ನೋಟ್‌ಬುಕ್ಕೇ ಗತಿ.

ಪೆಟ್ರೋಲೂ ಬದಲಾಗಿದೆ. ಶೇಕಡ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥೆನಾಲ್ ನೀರನ್ನು ಎಳೆದುಕೊಳ್ಳುವ ಗುಣದ್ದು. ನೀರು ಮಿತಿ ಮೀರಿದರೆ ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಹೀಗಾಗಿ ಮಳೆಗಾಲದಲ್ಲಿ ಮುಚ್ಚಳದ ರಬ್ಬರ್ ವಾಷರ್ ಸರಿಯಿದೆಯೇ ನೋಡುವುದು ಹಿಂದಿಗಿಂತ ಈಗ ಹೆಚ್ಚು ಅಗತ್ಯ. ನೀರು ತಡೆಯುವ ದಾರಿ ಹೊಸ ವಾಷರ್, ಪ್ಲಾಸ್ಟಿಕ್ ಹಾಳೆಯಲ್ಲ. ಬಹಳ ದಿನ ನಿಲ್ಲಿಸಿದ್ದ ಗಾಡಿಯಾದರೆ ಕಾರ್ಬೊರೇಟರಿನ ತಳದ ಸ್ಕ್ರೂ ಬಿಚ್ಚಿ ಒಂದಿಷ್ಟು ಪೆಟ್ರೋಲನ್ನು ಗಾಜಿನ ಶೀಶೆಗೆ ಇಳಿಸಿ ನೋಡಿದರೆ ತಳದಲ್ಲಿ ನೀರು ನಿಲ್ಲುವುದು ಕಾಣುತ್ತದೆ.

ತಂದೆತಾಯಿಗಳಿಗೆ ಎರಡು ಮಾತು

ಮಿಸ್ಸಿಂಗ್ ಇರುವ ಗಾಡಿಯಲ್ಲಿ ದೊಡ್ಡ ವಾಹನಗಳನ್ನು ಹಿಂದೆ ಹಾಕುವ ಸಾಹಸ ಬೇಡ. ಕಿಡಿ ಪರೀಕ್ಷಿಸುವಾಗ ಹತ್ತಿರದಲ್ಲಿ ಪೆಟ್ರೋಲಿನ ಡಬ್ಬಿ ಇರಕೂಡದು, ಬೀಡಿ ಸಿಗರೇಟಂತೂ ಕೂಡಲೇ ಕೂಡದು. ಮುಚ್ಚಿದ ಕೋಣೆಯಲ್ಲಿ ಎಂಜಿನ್ನು ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಎರವಾಗಬಹುದು. ಸೈಲೆನ್ಸರಿನಲ್ಲಿ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯನ್ನು ಕೆಮ್ಮಿಸುತ್ತಲೇ ತಿಂಗಳುಗಟ್ಟಲೆ ಓಡಿಸಿದರೆ, ಸುಡದ ಪೆಟ್ರೋಲು ಅದರೊಳಗೆ ಉರಿದು ಅದನ್ನೂ ಹಾಳುಮಾಡುತ್ತದೆ. ಹದಿನೆಂಟು ತುಂಬದ ಮಕ್ಕಳ ಕೈಗೆ ಗೇರಿನ ಗಾಡಿಯ ಕೀಲಿ ಕೊಡುವುದಂತೂ ಅಪರಾಧ. 2019ರ ತಿದ್ದುಪಡಿಯಂತೆ ಇಂಥ ಪ್ರಕರಣದಲ್ಲಿ ಪೋಷಕರಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ಆಗಬಹುದು.

ಆದರೆ ಗಾಡಿ ಬಿಚ್ಚಿ ಕೂತ ಮಗನನ್ನೋ ಮಗಳನ್ನೋ ‘ಓದು ಬಿಟ್ಟು ಎಣ್ಣೆ ಮೆತ್ತಿಕೊಂಡಿದ್ದೀಯಾ’ ಎಂದು ಗದರುವ ಮುನ್ನ ಒಂದು ಗಳಿಗೆ ಯೋಚಿಸಬೇಕು. ಎಸ್ಸೆಸ್ಸೆಲ್ಸಿ ನಂತರ ಐ.ಟಿ.ಐ.ಗಳಲ್ಲಿ ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ತರಬೇತಿ ಇದೆ, ಡಿಪ್ಲೊಮಾ ಇದೆ, ಮುಂದೆ ಎಂಜಿನಿಯರಿಂಗ್ ಇದೆ. ಆ ದಾರಿ ಹಿಡಿಯದಿದ್ದರೂ ನಷ್ಟವಿಲ್ಲ. ‘ಒಮ್ಮೊಮ್ಮೆ’ ಎಂಬ ಉತ್ತರಕ್ಕೆ ತೃಪ್ತಿಪಡದೆ ‘ಯಾವಾಗ’ ಎಂದು ಕೇಳುವುದನ್ನು ಕಲಿತವರು ವೈದ್ಯರಾದರೂ, ಕೃಷಿಕರಾದರೂ, ಮೇಷ್ಟರಾದರೂ ಆ ಕೆಲಸ ಚೆನ್ನಾಗಿಯೇ ಮಾಡುತ್ತಾರೆ.

ಈ ಸಲ ಉಚ್ಚಂಗಿದುರ್ಗದ ಜಾತ್ರೆಗೋ, ಕೊಟ್ಟೂರಿನ ತೇರಿಗೋ ಹಳೆಯ ಬೈಕಿನಲ್ಲಿ ಹೊರಡುವವರು ಹೊರಡುವ ಮುನ್ನ ಒಂದು ಸಣ್ಣ ಕೆಲಸ ಮಾಡಬಹುದು. ಟ್ಯಾಂಕಿನ ಮುಚ್ಚಳ ತೆಗೆದು ಗಾಳಿಕಿಂಡಿಯನ್ನು ಒಮ್ಮೆ ಊದಿ ನೋಡುವುದು. ಅದಕ್ಕೆ ಖರ್ಚಿಲ್ಲ, ಅರ್ಧ ನಿಮಿಷ ಸಾಕು.